ಕುರ್ಚಿಯಾಟಕ್ಕಿಂತ ಕಂಬದಾಟ ಮೇಲು

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕ್ಲಬ್ ಹೌಸಿನಲ್ಲಿ ನಡೆಯುವ ಒಂದನೇ, ಎರಡನೇ ಕ್ಲಾಸಿನ ಮಕ್ಕಳ ಹುಟ್ಟುಹಬ್ಬಗಳು ಹೆಚ್ಚುಕಡಿಮೆ ಒಂದೇ ಥರ. ಮೈಕ್ ಹಿಡಿದ ಆ್ಯಂಕರ್ ಬರುತ್ತಾರೆ, ಮ್ಯೂಸಿಕಲ್ ಚೇರ್ ಆಡಿಸುತ್ತಾರೆ, ಪಾಸಿಂಗ್ ದಿ ಪಾರ್ಸೆಲ್ ಆಡಿಸುತ್ತಾರೆ, ಚಾಕೊಲೇಟ್ ತುಂಬಿದ ದೊಡ್ಡ ಬಲೂನ್ ಒಡೆಸುತ್ತಾರೆ. ಕೇಕ್ ಕತ್ತರಿಸಿ ರಿಟರ್ನ್ ಗಿಫ್ಟ್ ಹಂಚಿದರೆ ಮುಗಿಯಿತು. ಕೇಕಿನ ಮೇಲೆ ಯಾವ ಬೊಂಬೆ ಇರಬೇಕೆಂದು ವಾರಗಟ್ಟಲೆ ಚರ್ಚಿಸುವ ಮನೆಗಳಲ್ಲೂ ಆಟಗಳ ಮಾತು ಬರುವುದು ಅಪರೂಪ. ಸಿನಿಮಾವನ್ನೋ ನಾಟಕವನ್ನೋ ತೂಗಿ ನೋಡುವಷ್ಟೇ ಗಂಭೀರವಾಗಿ ಈ ಆಟಗಳನ್ನೂ ತೂಗಿ ನೋಡಬೇಕು. ನನ್ನ ಅಳತೆಗೋಲು ಒಂದೇ: ಸೋತ ಮಗುವನ್ನು ಆಟ ಏನು ಮಾಡುತ್ತದೆ?

ಮ್ಯೂಸಿಕಲ್ ಚೇರಿನ ಲೆಕ್ಕವನ್ನೇ ಹಾಕೋಣ. ಮಕ್ಕಳು 20, ಕುರ್ಚಿಗಳು 19. ಒಂದು ಸುತ್ತಿಗೆ ಒಂದೂವರೆ ನಿಮಿಷವೆಂದರೂ 19 ಸುತ್ತು ಮುಗಿಯಲು ಅರ್ಧ ಗಂಟೆ ಹತ್ತಿರ ಹತ್ತಿರ ಬೇಕು. ಮೊದಲ ಸುತ್ತಿನಲ್ಲೇ ಔಟಾದ ಮಗು 27 ನಿಮಿಷ ಗೋಡೆಗೊರಗಿ ಕೂತಿರಬೇಕು. ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ಅರ್ಧ ಮಕ್ಕಳು ಪ್ರೇಕ್ಷಕರಾಗಿರುತ್ತಾರೆ. ಮೊದಲು ಔಟಾಗುವವರು ಯಾರೆಂಬುದೂ ಗೊತ್ತಿರುವ ವಿಷಯವೇ: ಚಿಕ್ಕವರು, ನಾಚುವವರು, ಇನ್ನೊಬ್ಬರನ್ನು ತಳ್ಳಲು ಮನಸ್ಸು ಬಾರದವರು. ಇತ್ತೀಚೆಗೆ ಹೀಗೆ ಔಟಾದ ಹುಡುಗನೊಬ್ಬ ಹಿಂದೆ ಕಟ್ಟಿದ್ದ ಥರ್ಮಾಕೋಲ್ ಅಕ್ಷರದ ಅಂಚನ್ನು ಕಾಳು ಕಾಳಾಗಿ ಕಿತ್ತು ಅಂಗೈಯಲ್ಲಿ ಸೇರಿಸುತ್ತಾ ಕೂತಿದ್ದನ್ನು ನೋಡಿದೆ. ಅಮ್ಮ ಬಂದು, ‘ಸುಮ್ನೆ ಕೂರೋಕಾಗಲ್ವಾ?’ ಎಂದು ಗದರಿದರು. ಆಡಲೆಂದು ಕರೆಸಿದ ಮಗುವಿಗೆ ಸುಮ್ಮನೆ ಕೂರು ಎನ್ನುವ ಸ್ಥಿತಿಯನ್ನು ತಂದಿಟ್ಟದ್ದು ಆ ಆಟದ ನಿಯಮ.

ಇದರ ಪಕ್ಕದಲ್ಲಿ ನಮ್ಮ ಕಂಬದಾಟವನ್ನಿಟ್ಟು ನೋಡಿ. ತೊಟ್ಟಿಮನೆಯಲ್ಲೋ ದೇವಸ್ಥಾನದ ಮಂಟಪದಲ್ಲೋ ನಾಲ್ಕು ಕಂಬ, ಆಡುವವರು ಐವರು. ನಾಲ್ವರು ಒಂದೊಂದು ಕಂಬ ಹಿಡಿಯುತ್ತಾರೆ, ಐದನೆಯವನು ನಡುವೆ ನಿಲ್ಲುತ್ತಾನೆ. ಕಂಬದವರು ಕಣ್ಸನ್ನೆ ಮಾಡಿಕೊಂಡು ಸರಕ್ಕನೆ ಜಾಗ ಬದಲಿಸುವಾಗ ನಡುವಿನವನು ನುಗ್ಗಿ ಒಂದು ಕಂಬ ಹಿಡಿದುಬಿಡಬೇಕು. ಕಂಬ ತಪ್ಪಿಸಿಕೊಂಡವನು ನಡುವೆ ಬರುತ್ತಾನೆ. ಎರಡೂ ಆಟಗಳ ಗಣಿತ ಒಂದೇ, ಆಡುವವರಿಗಿಂತ ಜಾಗ ಒಂದು ಕಡಿಮೆ. ಆದರೆ ಕುರ್ಚಿಯಾಟ ಜಾಗ ಸಿಗದವರನ್ನು ಹೊರಗೆ ಕಳಿಸುತ್ತದೆ, ಕಂಬದಾಟ ನಡುವೆ ನಿಲ್ಲಿಸುತ್ತದೆ. ಅಲ್ಲಿ ಸೋತವನೇ ಎಲ್ಲರಿಗಿಂತ ಚುರುಕಾಗಿರಬೇಕು. ಅವನಿಲ್ಲದಿದ್ದರೆ ಆಟವೇ ಇಲ್ಲ. ಇಷ್ಟು ಸರಳವಾದ, ಇಷ್ಟು ನ್ಯಾಯವಾದ ರಚನೆ ಇನ್ನೊಂದು ಆಟದಲ್ಲಿ ನನಗೆ ಕಂಡಿಲ್ಲ.

ಸೋಲುವುದನ್ನೂ ಮಕ್ಕಳು ಕಲಿಯಬೇಕಲ್ಲ ಎಂದು ಕೆಲವರು ಕೇಳುತ್ತಾರೆ. ಕಲಿಯಲೇಬೇಕು. ಕಂಬದಾಟದಲ್ಲಿ ಹತ್ತು ನಿಮಿಷಕ್ಕೆ ಆರೇಳು ಸಲ ಸೋತು, ಅಷ್ಟೇ ಸಲ ಮತ್ತೆ ಜಾಗ ಗಿಟ್ಟಿಸುವ ಮಗು, ಒಮ್ಮೆ ಸೋತು ಅರ್ಧ ಗಂಟೆ ಕೂತ ಮಗುವಿಗಿಂತ ಹೆಚ್ಚು ಕಲಿಯುತ್ತದೆ.

ಮಕ್ಕಳ ಆಯ್ಕೆಯೂ ಇದೇ. ಇಂಗ್ಲೆಂಡಿನ ಅಯೋನಾ ಮತ್ತು ಪೀಟರ್ ಓಪಿ ದಂಪತಿ 1969ರಲ್ಲಿ ತಂದ ‘ಚಿಲ್ಡ್ರನ್ಸ್ ಗೇಮ್ಸ್ ಇನ್ ಸ್ಟ್ರೀಟ್ ಆ್ಯಂಡ್ ಪ್ಲೇಗ್ರೌಂಡ್’ ಪುಸ್ತಕ, ಸುಮಾರು 6ರಿಂದ 12ರ ಮಕ್ಕಳು ದೊಡ್ಡವರ ಕಣ್ಣು ತಪ್ಪಿಸಿ ತಾವೇ ಆಡಿಕೊಳ್ಳುವ ಆಟಗಳ ಬಗ್ಗೆ ಬರೆದದ್ದು. ಅಂಥ ಆಟಗಳಿಗೆ ಅಂಪೈರ್ ಬೇಕಿಲ್ಲ, ಬಹುಮಾನ ಬೇಕಿಲ್ಲ, ಯಾರು ಗೆದ್ದರೆಂಬುದಕ್ಕೆ ಹೆಚ್ಚು ಬೆಲೆಯಿಲ್ಲ, ಒಂದಾಟ ಮುಗಿದದ್ದೇ ಇನ್ನೊಂದು ತಾನಾಗಿ ಶುರುವಾಗುತ್ತದೆ ಎಂದು ಅವರು ಗಮನಿಸಿದ್ದರು. ಕೆನಡಾದ ಟೆರಿ ಆರ್ಲಿಕ್ 1978ರಲ್ಲಿ ಸಹಕಾರದ ಆಟಗಳ ಪುಸ್ತಕವನ್ನೇ ಬರೆದರು. ಆ ಬಗೆಯ ಕುರ್ಚಿಯಾಟದಲ್ಲಿ ಕುರ್ಚಿ ಮಾತ್ರ ಹೋಗುತ್ತದೆ, ಮಕ್ಕಳೆಲ್ಲ ಉಳಿದ ಕುರ್ಚಿಗಳ ಮೇಲೆಯೇ ಒತ್ತಿಕೊಂಡು ಕೂರುತ್ತಾರೆ. ಐದು ವರ್ಷದವರಿಗೆ ಇದು ಬಹಳ ಚೆನ್ನ. ಆದರೆ ಗೋಲಿಯಾಟ ಆಡುವ ಸ್ವಿಸ್ ಮಕ್ಕಳನ್ನು ನೋಡಿ ಮನಶ್ಶಾಸ್ತ್ರಜ್ಞ ಪಿಯಾಜೆ 1932ರಲ್ಲಿ ಬರೆದಂತೆ, ಒಂದೇ ನಿಯಮಕ್ಕೆ ಕಟ್ಟುಬಿದ್ದು ಒಬ್ಬರನ್ನೊಬ್ಬರು ಗೆಲ್ಲಬೇಕೆಂಬ ಆಸೆ ಏಳೆಂಟು ವರ್ಷಕ್ಕೆ ಹುಟ್ಟುತ್ತದೆ. ಆ ವಯಸ್ಸಿಗೆ ಪೈಪೋಟಿಯೇ ಇಲ್ಲದ ಆಟ ಸಪ್ಪೆ. ಕಂಬದಾಟದಲ್ಲಿ ಪೈಪೋಟಿ ಪೂರ್ತಿ ಇದೆ.

ನಮ್ಮದೆಂಬ ಕಾರಣಕ್ಕೆ ಎಲ್ಲ ದೇಸಿ ಆಟಕ್ಕೂ ಮಾರ್ಕ್ಸ್ ಕೊಡಲಾರೆ. ‘ಕೆರೆ’ ಎಂದರೆ ಒಳಕ್ಕೆ, ‘ದಡ’ ಎಂದರೆ ಹೊರಕ್ಕೆ ಜಿಗಿಯುವ ಕೆರೆ–ದಡ ಆಟದಲ್ಲೂ ತಪ್ಪಿದವರು ಔಟ್. ಆದರೆ ಅದನ್ನು ಸರಿಪಡಿಸುವುದು ಸುಲಭ: ತಪ್ಪಿದ ಮಗು ಮುಂದಿನ ಕೂಗು ಕೂಗಲಿ. ಪಾಸಿಂಗ್ ದಿ ಪಾರ್ಸೆಲ್‌ನಲ್ಲಿ ಹಾಡು ನಿಂತಾಗ ಪಾರ್ಸೆಲ್ ಹಿಡಿದವರು ಚೀಟಿ ತೆಗೆದು ಅದರಲ್ಲಿದ್ದಂತೆ ಕುಣಿಯಬೇಕು, ಕಪ್ಪೆಯಂತೆ ಕುಪ್ಪಳಿಸಬೇಕು. ನಲವತ್ತು ಮೊಬೈಲುಗಳ ಎದುರು ನಾಚಿಕೆಯ ಮಗುವನ್ನು ಕುಣಿಸುವುದು ಶಿಕ್ಷೆ, ಆ ಚೀಟಿಗಳನ್ನು ಬಿಟ್ಟೇಬಿಡಬೇಕು. ಅದರ ಬದಲು ಪಾರ್ಸೆಲಿನ ಕಾಗದದ ಪ್ರತಿ ಮಡಿಕೆಯೊಳಗೊಂದು ಪೆಪ್ಪರ್‌ಮಿಂಟ್ ಇಟ್ಟು ಸುತ್ತಿದರೆ ಆ ಆಟಕ್ಕೂ ಜೀವ ಬರುತ್ತದೆ.

ಕ್ಲಬ್ ಹೌಸಿನಲ್ಲಿ ನಾಲ್ಕು ಕಂಬ ಎಲ್ಲಿಂದ ತರುವುದು? ಸೀಮೆಸುಣ್ಣ ಸಾಕು. ಇಪ್ಪತ್ತು ಮಕ್ಕಳಿಗೆ ನೆಲದ ಮೇಲೆ ಹತ್ತೊಂಬತ್ತು ವೃತ್ತ ಬರೆಯಿರಿ. ಎಲ್ಲರೂ ಬಂದು ಸೇರುವ ತನಕ ಕಾಯದೆ ಐದು ಮಕ್ಕಳಿರುವಾಗಲೇ ನಾಲ್ಕು ವೃತ್ತಗಳಲ್ಲಿ ಶುರು ಮಾಡಿ, ಮಗು ಬಂದಂತೆ ವೃತ್ತ ಸೇರಿಸಿ; ತಡವಾಗಿ ಬಂದವರೂ ಸೀದಾ ಆಟದೊಳಕ್ಕೆ. ಆರು ವರ್ಷದವರಿಗೆ ಒಂದು ನಿಮಿಷಕ್ಕಿಂತ ಹೆಚ್ಚು ವಿವರಿಸಬೇಡಿ, ಒಂದು ಸಲ ಆಡಿ ತೋರಿಸಿ. ಕೇಕಿಗೆ ಹತ್ತು ನಿಮಿಷ ಮೊದಲು ನಿಲ್ಲಿಸಿ ಕೂರುವ ಆಟಕ್ಕೆ ತಂದರೆ ಏದುಸಿರು ಇಳಿಯುತ್ತದೆ. ಕಂಬದಾಟಕ್ಕೂ ಒಂದು ದೋಷವುಂಟು, ಓಡಲು ಬಾರದ ಮಗು ನಡುವೆಯೇ ಸಿಕ್ಕಿಕೊಳ್ಳಬಹುದು. ಅದಕ್ಕೆ, ಮೂರು ಸಲ ಜಾಗ ಸಿಗದವರಿಗೆ ‘ಎಲ್ಲರೂ ಬದಲಿ!’ ಎಂದು ಕೂಗುವ ಹಕ್ಕು ಕೊಡಿ. ಆಗ ಹತ್ತೊಂಬತ್ತು ವೃತ್ತಗಳೂ ಒಮ್ಮೆಗೇ ಖಾಲಿಯಾಗುತ್ತವೆ, ಕೂಗಿದ ಮಗುವಿಗೆ ಕಾಲ ಬುಡದಲ್ಲಿರುವುದನ್ನೇ ಹಿಡಿಯುವ ಅವಕಾಶ.