‘ಆಧುನಿಕ’ವೆಂಬ ಮಾತಿನ ವ್ಯಾಪ್ತಿ

ಸಾಹಿತ್ಯಚರಿತ್ರೆಯ ಪಾಠಗಳಲ್ಲಿ ‘ಆಧುನಿಕ’, ‘ಹೊಸ’, ‘ನವ್ಯ’ ಎಂಬ ಶಬ್ದಗಳು ಪದೇ ಪದೇ ಬರುತ್ತವೆ. ಇವುಗಳ ಅರ್ಥ ಎಲ್ಲರಿಗೂ ತಿಳಿದುದೇ ಎಂಬ ನಂಬಿಕೆಯಿಂದ ಇವನ್ನು ಬಿಡಿಸಿ ನೋಡುವ ಶ್ರಮವನ್ನು ನಾವು ವಹಿಸುವುದಿಲ್ಲ. ಆದರೆ ಒಬ್ಬ ಕವಿಯನ್ನು ಆಧುನಿಕನೆಂದು ಕರೆದೊಡನೆ ಅವನನ್ನು ಮೆಚ್ಚಿದಂತೆಯೂ, ಕರೆಯದಿದ್ದರೆ ಬದಿಗೆ ಸರಿಸಿದಂತೆಯೂ ಆಗುತ್ತದೆ. ಕಾಲವನ್ನು ಸೂಚಿಸಬೇಕಾದ ಮಾತು ಬೆಲೆ ಕಟ್ಟುವ ಮಾತಾಗಿದೆ. ಆದಕಾರಣ ಇದರ ವಿಚಾರ ಅವಶ್ಯವೆಂದು ತೋರುತ್ತದೆ.

‘ಆಧುನಿಕ’ವು ಸಂಸ್ಕೃತದ ‘ಅಧುನಾ’ ಎಂಬ ಅವ್ಯಯದಿಂದ ಬಂದುದು. ‘ಈಗಿನದು’ ಎಂಬಿಷ್ಟೇ ಅದರ ಅರ್ಥ. ‘ನವ್ಯ’ವಾದರೋ ಶಾಸ್ತ್ರಪರಂಪರೆಗೆ ಹೊಸದಲ್ಲ. ಗಂಗೇಶೋಪಾಧ್ಯಾಯನಿಂದ ಬೆಳೆದ ತರ್ಕಶಾಸ್ತ್ರವು ಆರು ಶತಮಾನಗಳು ಕಳೆದ ಮೇಲೂ ‘ನವ್ಯನ್ಯಾಯ’ವೇ ಆಗಿದೆ. ‘ಹೊಸ’ ಎಂಬುದರ ಹಳಗನ್ನಡ ರೂಪ ‘ಪೊಸ’. ಆ ಪಕಾರವನ್ನು ತುಳು ಇಂದಿಗೂ ಕಾಪಾಡಿಕೊಂಡಿದೆ. ಶಂಕರಪುರದಿಂದ ಕಾರ್ಕಳದವರೆಗಿನ ತುಳು ಮನೆಗಳಲ್ಲಿ ಹೊಸತನ್ನು ಹೆಸರಿಸುವ ಮಾತೇ ಹಳೆಯ ರೂಪದಲ್ಲಿ ಬಾಳುತ್ತಿರುವುದು ಸ್ವಾರಸ್ಯದ ಸಂಗತಿ.

ನಯಸೇನನು 1112ರಲ್ಲಿ ರಚಿಸಿದ ‘ಧರ್ಮಾಮೃತ’ದಲ್ಲಿ ತನ್ನ ಭಾಷೆಯನ್ನು ‘ಪೊಸಗನ್ನಡ’ವೆಂದೇ ಕರೆದುಕೊಂಡನು. ಇಂದು ಆ ಗ್ರಂಥವನ್ನು ವಿದ್ಯಾರ್ಥಿಗಳು ಹಳಗನ್ನಡದ ಪಠ್ಯವೆಂದು ಓದುತ್ತಾರೆ. ಕವಿಯೂ ತಪ್ಪಿಲ್ಲ, ನಾವೂ ತಪ್ಪಿಲ್ಲ. ‘ಹೊಸ’ ಎಂಬುದು ನುಡಿದವನ ನಿಲುವಿಗೆ ಸಂಬಂಧಿಸಿದ ಮಾತು. ನುಡಿದವನು ಹಿಂದೆ ಸರಿದಂತೆಲ್ಲ ಮಾತೂ ಹಿಂದೆ ಸರಿಯುತ್ತದೆ.

ಇದೇ ತೊಡಕು ಚೀನ ಜಪಾನುಗಳಲ್ಲಿಯೂ ಇದೆ. ಎರಡು ದೇಶಗಳವರೂ ಒಂದೇ ಬಗೆಯ ಲಿಪಿಚಿಹ್ನೆಗಳಿಂದ ‘ಹತ್ತಿರದ ಯುಗ’, ‘ಕಾಣಿಸಿಕೊಂಡಿರುವ ಯುಗ’ ಎಂಬ ಎರಡು ಪದಗಳನ್ನು ಬರೆಯುತ್ತಾರೆ. ಜಪಾನಿನಲ್ಲಿ ಅವು ‘ಕಿಂದೈ’, ‘ಗೆಂದೈ’. ಚೀನದಲ್ಲಿ ‘ಜಿಂದೈ’, ‘ಶ್ಯೆಂದೈ’. ಜಪಾನಿನ ಇತಿಹಾಸಕಾರರು ಸಾಮಾನ್ಯವಾಗಿ 1868ರ ಮೇಜಿ ಪರಿವರ್ತನೆಯಿಂದ ಮೊದಲನೆಯದನ್ನೂ, 1945ರಿಂದ ಎರಡನೆಯದನ್ನೂ ಎಣಿಸುವರು. ಚೀನದ ರೂಢಿಯಲ್ಲಿ ಮೊದಲನೆಯದು 1840ರ ಅಫೀಮು ಯುದ್ಧದಿಂದಲೂ, ಎರಡನೆಯದು 1919ರಿಂದಲೂ ಆರಂಭವಾಗುತ್ತದೆ. 1949ರ ಈಚಿನದಕ್ಕೆ ‘ದಾಂಗ್‌ದೈ’ ಎಂಬ ಮೂರನೆಯ ಪದವೇ ಬೇಕಾಯಿತು. ಅಕ್ಷರ ಒಂದೇ, ವರ್ಷ ಬೇರೆ. ಬೆಲೆ ಕಟ್ಟುವ ದೋಷವೂ ಅಲ್ಲಿಲ್ಲದೆ ಇಲ್ಲ: 1942ರಲ್ಲಿ ಜಪಾನಿನ ವಿದ್ವಾಂಸರು ‘ಕಿಂದೈ’ಯನ್ನು ಮೀರುವುದು ಹೇಗೆಂದು ಗೋಷ್ಠಿ ನಡೆಸಿದಾಗ ಆ ಪದವು ಬಹುಮಟ್ಟಿಗೆ ಪಾಶ್ಚಾತ್ಯವೆಂಬುದರ ಇನ್ನೊಂದು ಹೆಸರಾಗಿತ್ತು.

1930ರ ಸುಮಾರಿಗೆ ಶಾಂಘೈಯವರು ಇಂಗ್ಲಿಷಿನ ‘ಮಾಡರ್ನ್’ ಶಬ್ದವನ್ನು ‘ಮೋದೆಂಗ್’ ಎಂದು ಧ್ವನಿಗನುಸಾರ ಬರೆದರು. ಅದೇ ಚಿಹ್ನೆಗಳಿಂದ ಬೌದ್ಧ ಭಾಷಾಂತರಕಾರರು ಬಹಳ ಹಿಂದೆಯೇ ಮಾತಂಗ ಶಬ್ದವನ್ನು ಬರೆದಿದ್ದರು. ಆನಂದನನ್ನು ಒಲಿದ ಆ ಮಾತಂಗಕನ್ಯೆಯ ಕಥೆಯೇ ರವೀಂದ್ರರ ‘ಚಂಡಾಲಿಕಾ’ಕ್ಕೆ ಆಧಾರ. ಹೊಸತನದ ಉಡುಪಿಗೆ ನಮ್ಮ ದೇಶದ ಹಳೆಯ ನೂಲು ಸಿಕ್ಕಿತು!

ಈಗ ನಮ್ಮ ನೆರೆಯ ಉದಾಹರಣೆಗೆ ಬರೋಣ. ಕಾರ್ಕಳದ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಜನಿಸಿ 1901ರಲ್ಲಿ ತೀರಿಕೊಂಡ ಲಕ್ಷ್ಮೀನಾರಣಪ್ಪನು ಮುದ್ದಣನೆಂದು ಪ್ರಸಿದ್ಧ. ಅವನನ್ನು ಹೊಸಗನ್ನಡದ ಮುಂಗೋಳಿಯೆಂದು ಕೊಂಡಾಡುತ್ತೇವೆ. ಆದರೆ ‘ಶ್ರೀರಾಮಾಶ್ವಮೇಧಂ’ ಹಳಗನ್ನಡದ ಗದ್ಯ, ವಸ್ತು ಪೌರಾಣಿಕ, ಅದನ್ನು ಪ್ರಾಚೀನ ಕೃತಿಯೆಂಬ ತೋರಿಕೆಯಿಂದ ಮೈಸೂರಿನ ಪತ್ರಿಕೆಗೆ ಕಳುಹಿಸಿದವನೂ ಅವನೇ. ಹಾಗಾದರೆ ಅವನ ಹೊಸತನವೆಲ್ಲಿ? ಭಾಷೆಯಲ್ಲಿ ಹುಡುಕುವವನಿಗೆ ಅದು ದೊರೆಯಲಾರದು. ಕಥೆಯನ್ನು ನಡುನಡುವೆ ತಡೆದು, ಸಂಸ್ಕೃತದ ಬಿಗಿಯನ್ನು ಒಪ್ಪದೆ, ತನಗೆ ತಿಳಿಯುವಂತೆ ಹೇಳೆಂದು ಒತ್ತಾಯಿಸುವ ಮನೋರಮೆಯಲ್ಲಿ ಅದಿದೆ. ಕೇಳುವವಳ ಹಕ್ಕನ್ನು ಕೃತಿಯೊಳಗೇ ಕೂರಿಸಿದುದು ಅವನ ಸಾಧನೆ. ‘ಮುಂಗೋಳಿ’ ಎಂಬ ಬಿರುದನ್ನು ಒಪ್ಪಿಸಿ ಮುಂದೆ ಸಾಗುವ ಪಾಠವು ಈ ಸೂಕ್ಷ್ಮವನ್ನು ಕಳೆದುಕೊಳ್ಳುತ್ತದೆ.

‘ನವ್ಯ’ದ ಗತಿಯೂ ಇದೇ. ಮುಂಬಯಿ ಸಮ್ಮೇಳನದಲ್ಲಿ ವಿ. ಕೃ. ಗೋಕಾಕರು ಆ ಹೆಸರನ್ನು ಸಾರಿದರು. ಮೊಗೇರಿಯ ಗೋಪಾಲಕೃಷ್ಣ ಅಡಿಗರು 1954ರ ‘ಚಂಡೆಮದ್ದಳೆ’ಯಿಂದ ಅದಕ್ಕೆ ಕಸುವು ತಂದರು. ಅದು ಅಂದು ಪಂಥಾಹ್ವಾನ. ಇಂದು ಪಠ್ಯಸೂಚಿಯ ಒಂದು ಘಟ್ಟ. ಹೆಸರು ಹಳತಾಯಿತೆಂಬ ಕಾರಣಕ್ಕೆ ಆ ಕವಿತೆಗಳು ಹಳತಾಗಲಿಲ್ಲ.

ಹಾಗಾದರೆ ಈ ಶಬ್ದಗಳನ್ನು ಬಿಟ್ಟುಬಿಡಬೇಕೇ ಎಂದು ಕೇಳಬಹುದು. ಬಿಡಬೇಕಾಗಿಲ್ಲ, ಕಾಲವಿಭಾಗವಿಲ್ಲದೆ ಚರಿತ್ರೆ ನಡೆಯದು. ಶಂಕರಪುರದಲ್ಲಿ ಮಲ್ಲಿಗೆಯ ದರವನ್ನು ದಿನದಿನವೂ ಗೊತ್ತುಮಾಡುವರು. ನಿನ್ನೆಯ ದರದಲ್ಲಿ ಇಂದಿನ ಹೂವನ್ನು ಯಾರೂ ಕೊಳ್ಳರು. ವಿಮರ್ಶಕನಿಗೂ ಅಷ್ಟು ಎಚ್ಚರ ಬೇಕು. ‘ಆಧುನಿಕ’ವೆಂದಾಗ ಯಾವ ವರ್ಷದಿಂದ, ಯಾರ ‘ಈಗ’ದಿಂದ, ಯಾವುದಕ್ಕೆ ಎದುರಾಗಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಉತ್ತರ ದೊರೆತರೆ ಶಬ್ದವು ಉಪಯುಕ್ತ. ದೊರೆಯದಿದ್ದರೆ ಅದು ಬರಿಯ ಹೊಗಳಿಕೆ. ಹೊಗಳಿಕೆಯಿಂದ ಮುದ್ದಣನಿಗೆ ಲಾಭವಿಲ್ಲ, ಓದುವ ವಿದ್ಯಾರ್ಥಿಗಂತೂ ನಷ್ಟವೇ ಸರಿ.