ಮಡಿ ಯಾರದು, ಒಗೆದ ಕೈ ಯಾರದು?

ನಮ್ಮೂರು ಕೊಳಕೂರ. ಹೆಸರು ಕೇಳಿದ ಕೂಡಲೇ ಪಟ್ಟಣದ ಗೆಳೆಯರು ನಗುತ್ತಾರೆ. ಕೊಳಕು ಅವರಿಗೆ ಒಂದು ಮಾತು. ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಅದು ದಿನದ ಕೆಲಸ. ಎರಿಹೊಲದ ಕೆಸರು, ತೊಗರಿ ರಾಶಿಯ ದೂಳು, ಕೂಸಿನ ಉಚ್ಚಿ ಅರಿವಿ, ಮುದುಕರ ಕೌದಿ ಇಷ್ಟನ್ನೂ ಕಲ್ಲಿಗೆ ಬಡಿದು ಒಗೆದು, ಹಗ್ಗ ಸಾಲದಿದ್ದರೆ ಜಾಲಿ ಕಂಟಿಯ ಮೇಲೆ ಒಣಹಾಕಿದವರು ಅವರು. ಈ ಒಗ್ಯಾಣವನ್ನು ಕನ್ನಡ ಸಾಹಿತ್ಯ ಕಂಡಿದೆಯೇ? ಇದು ನಮ್ಮ ಪ್ರಶ್ನೆ.

ಕಂಡಿದೆ, ಆದರೆ ಬಹುಪಾಲು ರೂಪಕವಾಗಿ. ಮನದ ಮೈಲಿಗೆ ತೊಳೆಯಬೇಕು ಅಂತ ಹಾಡಿದವರು ಬಹಳ ಜನ. ನವ್ಯದವರು ಒಳಗಿನ ಕೊಳೆಯನ್ನು ಕೆದಕಿ ಕೆದಕಿ ನೋಡಿದರು. ಬಡಿದ ಅರಿವಿ ಯಾರದು, ಸುರಿದ ನೀರು ಯಾವ ಬಾವಿಯದು ಎಂದು ಕೇಳಿದವರು ಕಡಿಮೆ. ‘ಮಡಿ’ ಎಂಬ ಮಾತನ್ನೇ ನೋಡಿರಿ. ಒಗೆದ ಬಟ್ಟೆಗೂ ಮಡಿ, ಮುಟ್ಟಿಸಿಕೊಳ್ಳದ ಮೈಗೂ ಮಡಿ. ಮಡಿ ಮಾಡಿಕೊಡುವ ಅಗಸನಿಗೆ ಮಾತ್ರ ಮಡಿ ಇಲ್ಲ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಅಂದಾಗ ಉರಿದೆದ್ದವರು ಇಂಥ ಒಂದು ಶಬ್ದವನ್ನಾದರೂ ನೀರಲ್ಲಿ ಜಾಲಿಸಿ ನೋಡಬೇಕಿತ್ತು.

12ನೇ ಶತಮಾನದಲ್ಲಿ ದೇವರಹಿಪ್ಪರಗಿಯಿಂದ ಕಲ್ಯಾಣಕ್ಕೆ ಹೋದ ಮಾಚಿದೇವ ತನ್ನ ಕಾಯಕವನ್ನು ಬಚ್ಚಿಡಲಿಲ್ಲ. ಮಡಿವಾಳ ಎಂದೇ ಕರೆಸಿಕೊಂಡ. ಅದು ದೊಡ್ಡ ಬಂಡಾಯ. ಪುರಾಣಕಾರರು ಅದನ್ನು ಏನು ಮಾಡಿದರು? ಬಸವಪುರಾಣದ ಪರಂಪರೆಯಲ್ಲಿ ಅವನು ಶರಣರ ಅರಿವಿಯನ್ನು ಮಾತ್ರ ಒಗೆಯುತ್ತಾನೆ. ಆ ಗಂಟನ್ನು ಭವಿ ಮುಟ್ಟಿದರೆ ಕೊಲ್ಲುತ್ತಾನೆ. ಜಾತಿಯ ಗೆರೆ ಅಳಿಸಿದರು, ಮುಟ್ಟಬಾರದು ಎಂಬ ಗೆರೆ ಉಳಿಸಿಕೊಂಡರು. ಆದರೂ ಒಂದು ಮಾತು: ಶರಣರದೆಲ್ಲ ಒಂದೇ ಗಂಟು ಅಂದಮೇಲೆ ಅದರೊಳಗೆ ಸಮಗಾರ ಹರಳಯ್ಯನ ಅರಿವಿಯೂ ಇರಬೇಕಲ್ಲ? ಮಾಚಿದೇವನ ಜಯಂತಿಗೆ ಹಾರ ಹಾಕುವವರು ಆ ಗಂಟನ್ನೊಮ್ಮೆ ಬಿಚ್ಚಿ ನೋಡಲಿ.

ಯಾಕಂದ್ರ, ಕಲ್ಯಾಣ ಕೆಟ್ಟ ಮೇಲೆ ಊರು ಊರಾಗಿಯೇ ಉಳಿಯಿತು. ಅಗಸರು ಸುಗ್ಗಿಯಲ್ಲಿ ಆಯ ಪಡೆದು ಊರವರ ಅರಿವಿ ಒಗೆದರು. ಹೊಲೆಯ ಮಾದಿಗರ ಅರಿವಿ ಮುಟ್ಟಲಿಲ್ಲ. ಮುಟ್ಟಿದ್ದರೆ ಊರ ಅರಿವಿ ಅವರ ಕೈ ತಪ್ಪುತ್ತಿತ್ತು. ನಮ್ಮ ಸಿಟ್ಟು ಅಗಸನ ಮೇಲಲ್ಲ. ಎರಡು ದುಡಿಯುವ ಕುಲಗಳ ನಡುವೆ ಒಂದು ತುಂಡು ಬಟ್ಟೆಯನ್ನು ಗೋಡೆ ಮಾಡಿದವರ ಮೇಲೆ.

ನೀರೂ ನಮ್ಮದಾಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಕುಡಿದರು. ಅದೇ ವರ್ಷ ಡಿಸೆಂಬರಿನಲ್ಲಿ, ಅದೇ ಊರಲ್ಲಿ, ಅರಿವಿ ಹರಿದಿದ್ದರೂ ಶುಭ್ರವಾಗಿರಲಿ ಎಂದು ನಮ್ಮ ಹೆಣ್ಣುಮಕ್ಕಳಿಗೆ ಹೇಳಿದರು. ಮೊದಲು ಕೆರೆ, ಆಮೇಲೆ ಸೀರೆ. ನೀರು ಕೊಡದೆ ‘ಕೊಳಕರು’ ಅನ್ನುವವರಿಗೆ ಈ ಕ್ರಮದಲ್ಲೇ ಉತ್ತರ ಇದೆ.

ಈಗ ಯಂತ್ರ ಬಂದಿದೆ. ಸ್ವೀಡನ್ನಿನ ಹಾನ್ಸ್ ರೋಸ್ಲಿಂಗ್ 2010ರ ಒಂದು ಭಾಷಣದಲ್ಲಿ, ಒಗೆಯುವ ಯಂತ್ರ ಬಂದ ದಿನ ತನ್ನ ಅಜ್ಜಿ ಅದರ ಮುಂದೆ ಕೂತು ಕಣ್ಣು ಕೀಳದೆ ನೋಡಿದ್ದನ್ನೂ, ಉಳಿದ ಹೊತ್ತಲ್ಲಿ ತಾಯಿ ತನ್ನನ್ನು ಗ್ರಂಥಾಲಯಕ್ಕೆ ಕರೆದೊಯ್ದದ್ದನ್ನೂ ಹೇಳಿದ. ಆ ಹೊತ್ತಿಗೆ ಜಗತ್ತಿನ 700 ಕೋಟಿ ಜನರಲ್ಲಿ ಯಂತ್ರ ಸಿಕ್ಕಿದ್ದು ಸುಮಾರು 200 ಕೋಟಿಗೆ ಮಾತ್ರ ಎಂದೂ ಲೆಕ್ಕ ಕೊಟ್ಟ. ಒಳ್ಳೆಯ ಮಾತು, ನಾವು ಒಪ್ಪುತ್ತೇವೆ. ಕೈಯ ತಿರುಳು ಕಿತ್ತುಹೋಗುವ ಒಗ್ಯಾಣದಲ್ಲಿ ಕಾವ್ಯ ಹುಡುಕುವವರು ಒಂದು ದಿನ ಕೌದಿ ಹಿಂಡಿ ನೋಡಲಿ. ಆದರೆ ಯಂತ್ರಕ್ಕೂ ನೀರು ಬೇಕು, ಕರೆಂಟು ಬೇಕು. ನಳ ಬಾರದ ದಿನ ಅದರ ಹೊಟ್ಟೆಗೆ ಕೊಡ ಹೊತ್ತು ಸುರಿಯುವವಳು ಅವ್ವನೇ. ಒಣಹಾಕುವವಳು, ಮಡಚುವವಳು ಅವಳೇ. ಅವಳ ಉಳಿದ ಹೊತ್ತು ಇನ್ನೊಂದು ಕೆಲಸಕ್ಕೆ ಹೋದರೆ ಪುಸ್ತಕ ಎಲ್ಲಿಂದ ಬರಬೇಕು?

ಕೊನೆಗೆ ನಮ್ಮ ಬಗ್ಗೆ. ಬಂಡಾಯದ ಕವಿಗಳಾದ ನಾವೂ ‘ಅವ್ವನ ಕೈ’ ಅಂತ ಪದ್ಯ ಬರೆದಿದ್ದೇವೆ. ಒಂದನ್ನು ಮನೆಯಲ್ಲಿ ಓದಿ ತೋರಿಸಿದೆವು. ಅವ್ವ ಪೂರ್ತಿ ಕೇಳಿ, “ಛಂದ ಬರ್ದೀಯಪ್ಪ. ಆ ಅಂಗಿ ಕಳದ ಕೊಡು, ಒಗ್ಯಾಕ ಹೊಂಟೀನಿ” ಅಂದಳು. ನಾವು ಓದಿದ ಯಾವ ವಿಮರ್ಶೆಯೂ ಇಷ್ಟು ನೇರವಾಗಿ ತಾಗಿಲ್ಲ. ಅವ್ವನ ಹೆಗಲ ಮೇಲೆ ಕೂತು ಅವ್ವನ ಭಾರದ ಬಗ್ಗೆ ಹಾಡುವುದೂ ಬೂಸಾವೇ.

ಗೆಳೆಯರೇ, ಬರುವ ಕವಿಗೋಷ್ಠಿಗೆ ಹಾಕಿಕೊಳ್ಳುವ ಅಂಗಿಯನ್ನು ನಾವೇ ಒಗೆಯೋಣ. ಪದ್ಯ ಆಮೇಲೆ ಬರೆದರಾಯಿತು.