ಒಡಲು ಅವಳದು, ಸೈನು ಯಾರದು?

'ಒಡಲು' ಅನ್ನುವ ಶಬ್ದ ದಲಿತ ವಿಮರ್ಶೆಗೆ ಬಹಳ ಪ್ರಿಯ. ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವನಿಂದ ಹಿಡಿದು ಅವ್ವಂದಿರನ್ನು ನಾವು ಕೊಂಡಾಡಿದ್ದೇ ಕೊಂಡಾಡಿದ್ದು. ಒಡಲೆಂದರೆ ಹಸಿವು, ಒಡಲೆಂದರೆ ನೆಲ. ಸರಿ. ಅದೇ ಒಡಲಲ್ಲಿ ಬೇಡದ ಬಸಿರು ನಿಂತರೆ ತೀರ್ಮಾನ ಯಾರದು? ಇಲ್ಲಿಗೆ ಬಂದರೆ ನಮ್ಮ ಗಂಡು ವಿಮರ್ಶಕರು ಮೆಲ್ಲಗೆ ಎದ್ದುಬಿಡುತ್ತಾರೆ.

ನನ್ನ ಚಿಕ್ಕವ್ವ ರಾಮನಗರದ ಫಿಲೇಚರೊಂದರಲ್ಲಿ ನೂಲು ಬಿಚ್ಚುತ್ತಾಳೆ. ಮುಂಗಡ ತಗೊಂಡವಳು, ರಜೆ ಹಾಕಿದರೆ ಕೂಲಿಯೂ ಇಲ್ಲ, ಸಾಲವೂ ತೀರಲ್ಲ. ನಾಲ್ಕನೇ ಬಸಿರು ಬೇಡವೆಂದು ಒಂದು ಆಸ್ಪತ್ರೆಗೆ ಹೋದಳು. "ಮೊದ್ಲೇ ಹುಷಾರಾಗಿರ್ಬೇಕಿತ್ತು ಅಂದ್ರು ಕಣ್ ಮಗ, ಗಂಡನ್ ಸೈನ್ ತಗೊಂಬಾ ಅಂದ್ರು." ಗಂಡ ಕನಕಪುರದ ಕಡೆ ಕಲ್ಲು ಕ್ವಾರಿಯಲ್ಲಿ.

1971ರ ಗರ್ಭಪಾತ ಕಾಯ್ದೆಯ ಪ್ರಕಾರ ವಯಸ್ಕ ಹೆಣ್ಣಿನ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಹಾಗಂತ ತೀರ್ಮಾನವನ್ನು ಅವಳ ಕೈಗೆ ಕೊಟ್ಟಿತೆ? ಅದೂ ಇಲ್ಲ, ಡಾಕ್ಟರ ಅಭಿಪ್ರಾಯಕ್ಕೆ ಕೊಟ್ಟಿತು. 2021ರ ತಿದ್ದುಪಡಿ 'ಗಂಡ' ಇದ್ದ ಕಡೆ 'ಸಂಗಾತಿ' ಎಂದಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಮದುವೆಯಾಗದವರಿಗೂ 24 ವಾರದವರೆಗಿನ ಬಾಗಿಲು ತೆರೆಯಿತು. ಒಳ್ಳೆಯದೇ. ಆದರೆ ಆ ಬಾಗಿಲತನಕ ಹೋಗೋ ಬಸ್ ಚಾರ್ಜು?

ಅಮೆರಿಕದಲ್ಲೂ ಇದೇ ಕತೆ. 1973ರಲ್ಲಿ ಹಕ್ಕು ಬಂತು, 1976ರಲ್ಲೇ ಹೈಡ್ ತಿದ್ದುಪಡಿ ಬಡವರ ಗರ್ಭಪಾತಕ್ಕೆ ಕೇಂದ್ರದ ಹಣ ನಿಲ್ಲಿಸಿತು. ಬಡತನ ಸರ್ಕಾರ ತಂದ ಅಡ್ಡಿಯಲ್ಲ, ಅದನ್ನು ತೆಗೆಯುವುದೂ ಅದರ ಕರ್ತವ್ಯವಲ್ಲ ಎಂದು 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2022ರಲ್ಲಿ ಆ ಹಕ್ಕೇ ಹೋಯಿತು. ಕಪ್ಪು ಹೆಂಗಸರು 'ಆಯ್ಕೆ' ಎಂಬ ಮಾತು ಸಾಲದೆಂದು 1994ರಲ್ಲೇ 'ಸಂತಾನ ನ್ಯಾಯ' ಎಂದು ಕೇಳಿದ್ದರು. ಅಂಗಡಿಗೆ ಹೋಗಲು ಕಾಸಿದ್ದವರಿಗಷ್ಟೇ ಆಯ್ಕೆ ಅನ್ನುವುದು ಅವರಿಗೆ ಗೊತ್ತಿತ್ತು.

ತುರ್ತುಪರಿಸ್ಥಿತಿಯಲ್ಲಿ ಬಡವರ ಬಸಿರು ದೇಶದ ಸಮಸ್ಯೆ; ಟಾರ್ಗೆಟ್ ಇಟ್ಟು ಆಪರೇಷನ್ ಮಾಡಿದರು. 1991ರ ನಂತರದ ಮಾರುಕಟ್ಟೆಯ ಭಾಷೆಯಲ್ಲಿ ಅದೇ ಬಸಿರು ಅವಳ ಸ್ವಂತ ಬೇಜವಾಬ್ದಾರಿ. ಮುಂಗಡ ಕೊಟ್ಟ ಮಾಲೀಕ, ಸಹಿ ಕೇಳಿದ ಆಸ್ಪತ್ರೆ, ಇವರ ಜವಾಬ್ದಾರಿಯನ್ನು ಯಾರೂ ಕೇಳುವುದಿಲ್ಲ.

ಚಿಕ್ಕವ್ವ ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ ಮೂರು ದಿನ ರಕ್ತ ಸುರಿಸಿಕೊಂಡು ಮಲಗಿದಳು. ಹೀಗೆ ತಾನೇ ಗರ್ಭ ತೆಗೆದುಕೊಂಡ ಹೆಣ್ಣು ಹಳೇ ದಂಡ ಸಂಹಿತೆಯ 312ನೇ ಕಲಮಿನಲ್ಲೂ ಅಪರಾಧಿ, 2024ರಿಂದ ಬಂದ ನ್ಯಾಯ ಸಂಹಿತೆಯ 88ನೇ ಕಲಮಿನಲ್ಲೂ ಅಪರಾಧಿ. ನಾಲ್ಕನೇ ದಿನ ಬೆಳಿಗ್ಗೆ ಫಿಲೇಚರಿಗೆ ಹೋದಳು. ಇವಳನ್ನೂ ಭೂಮಿತಾಯಿ ಮಾಡಿ ಯಾರಾದರೂ ಪದ್ಯ ಬರೆದಾರು ಅಂತ ನನಗೆ ಭಯ.